ಮಾವನವರ ಹನ್ನೊಂದು ತಿಂಗಳು

ಕಿತ್ತಳೆ ಹಣ್ಣಿನ ಹುಸಿ ವಾಸನೆ, ಬಾಯಿಗಿಟ್ಟರೆ ಬರೀ ಉಪ್ಪು. ಈ ಬೆಳಿಗ್ಗೆ ಆಸ್ಪತ್ರೆಯವರು ಕೊಟ್ಟ ಆ ಪುಡಿಯನ್ನು ನೀರಿಗೆ ಕದಡುತ್ತಿದ್ದಂತೆ ಮಾವನವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ಮಧ್ಯಾಹ್ನ ನನ್ನ ಗಂಡನಿಗೆ ಕೊಲೊನೋಸ್ಕೋಪಿ. ಹಿಂದಿನಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳನ್ನು ನೋಡುವ ಮುಂಚೆ ಹೊಟ್ಟೆ ಪೂರ್ತಿ ತೊಳೆದುಹೋಗಬೇಕು. ಅದಕ್ಕೆ ಈ ನೀರು. ಅಪ್ಪನಿಗೆ ಕರುಳಿನ ಕ್ಯಾನ್ಸರ್ ಇದ್ದರೆ ಮಕ್ಕಳೂ ನೋಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿ ಒಂಬತ್ತು ವರ್ಷವಾಗಿತ್ತು. ಇವರು ಒಪ್ಪಿದ್ದು ಈಗ.

ಮಾವ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ದಾವಣಗೆರೆ ಕಡೆಯಿಂದ ಬಂದು ಅತ್ತಿಗುಪ್ಪೆಯಲ್ಲಿ ಮನೆ ಕಟ್ಟಿದ್ದರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಮೀಟರ್ ನೋಡಲು ಬಂದವನನ್ನು ಗೇಟಿಗೆ ಒತ್ತಿ ಹಿಡಿದು ಬಾರಿಸಿದ್ದನ್ನು ಇಡೀ ಬೀದಿ ನೋಡಿತ್ತು. ಅತ್ತೆಗೆ ಎಡಗಿವಿ ಯಾಕೆ ಕೇಳಿಸುವುದಿಲ್ಲ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. ಉತ್ತರ ತಿಳಿದ ಮೇಲೆ ಮತ್ತೆ ಕೇಳಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಟಾಯ್ಲೆಟ್ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಮಾವ ಹೋಗಿ ಬಂದ ಮೇಲೆ ಕಮೋಡಿನಲ್ಲಿ ರಕ್ತ ಕಂಡೆ. ಅವರ ಪೂಜೆ ಮುಗಿಯುವವರೆಗೆ ಕಾದು, ಕಾಫಿ ಕೊಟ್ಟು, ತಗ್ಗಿದ ದನಿಯಲ್ಲೇ ಹೇಳಿದೆ.

“ಮಾವ, ಟಾಯ್ಲೆಟ್ಟಲ್ಲಿ ರಕ್ತ ಇತ್ತು. ಒಂದ್ಸಲ ಡಾಕ್ಟರಿಗೆ ತೋರಿಸ್ಕೊಂಡ್ ಬನ್ನಿ.”

ಕೈ ಬಂದದ್ದು ಕಾಣಲೇ ಇಲ್ಲ. ಮುಖ ಬಾಗಿಲ ಚೌಕಟ್ಟಿಗೆ ಬಡಿದು ತುಟಿ ಸೀಳಿತು. ನೆಲದ ಮೇಲೆ ಕಾಫಿಯ ಜೊತೆ ನನ್ನ ರಕ್ತವೂ ಇತ್ತು.

“ನನ್ನ ಹೇಲು ನೋಡೋಕೆ ಬಂದಿದೀಯೇನೇ ಈ ಮನೆಗೆ?”

ಸಂಜೆ ಗಂಡ ನನ್ನ ತುಟಿ ನೋಡಿ, “ಅಪ್ಪಂಗೆ ಏನಂದೆ?” ಎಂದು ಕೇಳಿದರು. ತುಟಿಗೆ ಏನಾಯಿತು ಎಂದಲ್ಲ. ಏನೂ ಇಲ್ಲ ಎಂದೆ.

ಮಾರನೆಯ ದಿನದಿಂದ ಮಾವ ಟಾಯ್ಲೆಟ್ಟನ್ನು ತಾವೇ ತೊಳೆಯತೊಡಗಿದರು. ಎರಡು ಬಕೆಟ್ ನೀರು, ಮೇಲೆ ಆಸಿಡ್ಡು. ಜೀವಮಾನದಲ್ಲಿ ತಮ್ಮ ಕಾಫಿ ಲೋಟ ತೊಳೆಯದ ಗಂಡಸು! ಆದರೂ ಕಮೋಡಿನ ಅಂಚಿನ ಕೆಳಗೆ ಕೆಂಪು ಚುಕ್ಕೆಗಳು ಉಳಿಯುತ್ತಿದ್ದವು… ನಾನು ನೋಡುತ್ತಿದ್ದೆ. ನೀರು ಹಾಕಿ ಹೊರಗೆ ಬರುತ್ತಿದ್ದೆ. ಹೀಗೆ ಹನ್ನೊಂದು ತಿಂಗಳು. ಮೊದಲ ಒಂದು ತಿಂಗಳು ಸುಮ್ಮನಿದ್ದದ್ದು ಹೆದರಿಕೆಯಿಂದ. ಉಳಿದದ್ದು ಸೇಡಿನಿಂದ. ಪಂಚೆ ಅವರ ಸೊಂಟದಲ್ಲಿ ನಿಲ್ಲದಾದಾಗಲೂ ನಾನು ಬಾಯಿ ಬಿಡಲಿಲ್ಲ. ನಾನೇನು ದೇವತೆಯಲ್ಲ.

ಕೊನೆಗೊಂದು ದಿನ ಬಚ್ಚಲಲ್ಲಿ ಬಿದ್ದರು. ಇವರು ಬಾಗಿಲು ಒದ್ದು ಮುರಿದು ಹೊರಗೆ ಎಳೆದುಕೊಂಡು ಬಂದರು. ಆಸ್ಪತ್ರೆಯಲ್ಲಿ ಮೈಯಲ್ಲಿ ರಕ್ತವೇ ಇಲ್ಲವೆಂದರು. ರಕ್ತ ಏರಿಸಿ, ಎರಡು ದಿನ ಬಿಟ್ಟು, ಇದೇ ಕಿತ್ತಳೆ ನೀರು ಕುಡಿಸಿ ಕೊಲೊನೋಸ್ಕೋಪಿಗೆ ಕರೆದೊಯ್ದರು. ಹಿಂಬದಿ ತೆರೆದ ಗೌನು ತೊಡಿಸಲು ಹೋದ ಅಟೆಂಡರನ ಎದೆಗೆ ಮಾವ ಒದ್ದರು. ಡ್ರಿಪ್ಪಿನ ಸ್ಟ್ಯಾಂಡ್ ಬೀಸಿ ಎಸೆದರು, ಗಾಜು ಪುಡಿಯಾಯಿತು. ಮೂವರು ಸೇರಿ ಮಂಚಕ್ಕೆ ಅದುಮಿ ಹಿಡಿದರು. ಮಾನ ಹೋಗುತ್ತಿದೆ ಎಂದು ಕೂಗುತ್ತಿದ್ದ ಆ ಮುದುಕನನ್ನು ಕಂಡು ನನಗೆ ಮೊದಲ ಸಲ ಕರುಳು ಚುರ್ ಎಂದಿತು. ಹತ್ತಿರ ಹೋದೆ. ಮಂಪರಿನ ಇಂಜೆಕ್ಷನ್ ಏರುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದರು, ಉಗುರು ನಾಟುವ ಹಾಗೆ.

“ನೀನು ಹೇಳಿದ್ದೆ,” ಎಂದರು. ಅಷ್ಟೇ.

ಅರ್ಧ ಗಂಟೆಯ ನಂತರ ಡಾಕ್ಟರು ಹೊರಗೆ ಬಂದರು. “ಗಡ್ಡೆ ಕರುಳನ್ನೇ ಮುಚ್ಕೊಂಡಿದೆ. ಸ್ಕೋಪ್ ಮುಂದಕ್ಕೇ ಹೋಗ್ಲಿಲ್ಲ. ಎಷ್ಟು ದಿನದಿಂದ ರಕ್ತ ಹೋಗ್ತಿತ್ತು?”

“ಹದಿನೈದು ದಿನ ಇರ್ಬೇಕು ಸಾರ್,” ಎಂದರು ನನ್ನ ಗಂಡ. ನಾನು ಪಕ್ಕದಲ್ಲೇ ನಿಂತಿದ್ದೆ.

ಮಾವ ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ನಾನು ಅಂದೇ ಹೇಳಿದ್ದರ ಬಗ್ಗೆ ಮಗನಿಗೆ ಒಂದು ಮಾತೂ ಹೇಳಲಿಲ್ಲ. ನನ್ನನ್ನು ಕಾಪಾಡಿದರೋ, ತಮ್ಮ ಕೈ ಮಾಡಿದ ಕೆಲಸವನ್ನು ಮುಚ್ಚಿಕೊಂಡರೋ… ತಿಳಿಯದು. ಹೆಣದ ಮುಂದೆ ನಾನು ಅತ್ತಷ್ಟು ಯಾರೂ ಅಳಲಿಲ್ಲ. ಬಂದವರು ಎಂಥ ಸೊಸೆ ಎಂದು ಹೊಗಳಿದರು.

ಇವತ್ತು ಮನೆಯಲ್ಲೇ ಆಸ್ಪತ್ರೆಯ ಫಾರಂ ತುಂಬಿಸುವಾಗ ಅದೇ ಪ್ರಶ್ನೆ ಎದುರಾಯಿತು: ತಂದೆಗೆ ಎಷ್ಟು ಕಾಲ ಲಕ್ಷಣಗಳಿದ್ದವು? “ಹದಿನೈದು ದಿನ ಅಂತ ಬರಿ,” ಎಂದರು ಇವರು, ಮೊದಲ ಲೋಟ ಕೈಯಲ್ಲಿ ಹಿಡಿದುಕೊಂಡು. ನಾನು ಹನ್ನೊಂದು ತಿಂಗಳು ಎಂದು ಬರೆದೆ. ಓದಿದರು. ನಿಂಗೆ ಹೆಂಗೆ ಗೊತ್ತು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ತುಟಿಯದ್ದು, ಚುಕ್ಕೆಗಳದ್ದು, ಸೇಡಿನದ್ದು.

ಲೋಟ ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. “ಕೊಂದ್ಬಿಟ್ಯಲ್ಲೇ ನಮ್ಮಪ್ಪನ್ನ!” ಎಂದು ಕೈ ಎತ್ತಿದರು. ನಾನು ಹಿಂದೆ ಸರಿಯಲಿಲ್ಲ. ಇನ್ನೊಂದು ಲೋಟ ತುಂಬಿಸಿ ಆ ಎತ್ತಿದ ಕೈಯ ಮುಂದೆ ಹಿಡಿದೆ.

“ಹೊಡೆಯೋದಿದ್ರೆ ಆಮೇಲೆ ಹೊಡೀರಿ. ಈಗ ಕುಡೀರಿ.”

ಅಂದು ತುಟಿ ಸೀಳಿದ ಮೇಲೂ ಮಾವನವರಿಗೆ ಹೇಳಬೇಕಾಗಿದ್ದ ಮಾತು ಅದು.