ಆಂಪ್‌ಗೆ ಚುಚ್ಚಿದ ಊದುಬತ್ತಿ

ನಂದಿನಿ ಲೇಔಟ್‌ನಿಂದ ಕೆಂಗೇರಿಯವರೆಗೆ ಹಾರ್ಡ್ ರಾಕ್ ನುಡಿಸಿದ ಮೊದಲ ತಂಡ ನಮ್ಮದು. ಹಾಗೆಂದು ನಾವೇ ಹೇಳಿಕೊಳ್ಳುತ್ತಿದ್ದೆವು. ನಾವು ಅಭ್ಯಾಸ ಮಾಡುತ್ತಿದ್ದ ರಾಜಾಜಿನಗರದ ಅಕ್ಕಪಕ್ಕದ ಮನೆಯವರು ಬೇರೆ ಏನೇನೋ ಹೇಳುತ್ತಿದ್ದರು. ಲೀಡ್ ಗಿಟಾರ್ ನನ್ನ ಗೆಳೆಯನದು. ಬೇಸ್ ಗಿಟಾರ್ ನನ್ನದು, ಅಂದರೆ ವೇದಿಕೆಯ ಮೇಲೆ ಯಾರೂ ನೋಡದವನು ನಾನು. ಆ ಹೊಟ್ಟೆಯುರಿ ಇವತ್ತಿಗೂ ಪೂರ್ತಿ ಆರಿಲ್ಲ.

ಅವನ ಹೆಸರು ನಿಂತದ್ದು ಒಂದು ಸದ್ದಿನ ಮೇಲೆ. ತಂತಿ ಮೀಟಿದರೆ ಗಿಟಾರಿನ ಸದ್ದು ದೊಡ್ಡದಾಗಿ ಹೊರಬರುವ ಆಂಪ್ ಪೆಟ್ಟಿಗೆ ಹುಲಿಯಂತೆ ಗುರುಗುಟ್ಟುತ್ತಿತ್ತು. ವಿಜಯನಗರದ ಗಣೇಶನ ಪೆಂಡಾಲಿನಲ್ಲಿ ಅದನ್ನು ಕೇಳಿದವರು ಅವನ ಬೆರಳಲ್ಲೇ ಏನೋ ಇದೆ ಎನ್ನುತ್ತಿದ್ದರು. ಆಗೆಲ್ಲ ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಆ ಸದ್ದಿಗೆ ಕಾರಣ ನಾನು.

ತಂಡ ಕಟ್ಟಿದ ವರ್ಷದ ಆಯುಧಪೂಜೆ. ಅವನು ತನ್ನ ಕಾರ್ಖಾನೆಯ ಪೂಜೆಗೆ ಪೀಣ್ಯಕ್ಕೆ ಹೋಗಿದ್ದರಿಂದ ಅವನ ಮಹಡಿಯ ಕೋಣೆಯಲ್ಲಿದ್ದ ವಾದ್ಯಗಳ ಪೂಜೆ ನನ್ನ ಪಾಲಿಗೆ ಬಂತು. ಆಂಪ್‌ಗೆ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದೆ. ಊದುಬತ್ತಿ ಸಿಕ್ಕಿಸಲೆಂದು ತಂದಿದ್ದ ಬಾಳೆಹಣ್ಣನ್ನು ಹಸಿವಾಗಿ ತಿಂದುಬಿಟ್ಟಿದ್ದೆ. ಬತ್ತಿಯನ್ನು ಆಂಪ್‌ನ ಮುಂದಿನ ಬಟ್ಟೆಗೇ ಚುಚ್ಚಿದೆ. ಕೆಳಗೆ ಹೋಗಿ ಕಡ್ಲೆಪುರಿ ತಿಂದು ಬರುವಷ್ಟರಲ್ಲಿ ಬಟ್ಟೆಯೂ ಅದರ ಹಿಂದಿನ ಸ್ಪೀಕರಿನ ಕಾಗದವೂ ಸುಟ್ಟು ತೂತಾಗಿದ್ದವು. ಹಾರ ಎಳೆದು ಮುಚ್ಚಿದೆ. ಅದು ಬಾಡಿದ ಮೇಲೆ ತಂಡದ ಸ್ಟಿಕರ್ ಅಂಟಿಸಿದೆ.

ಮರುದಿನ ಆಂಪ್ ಗೊರಗೊರ ಎಂದಾಗ ಅವನು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ದೇವಿಯ ಕೃಪೆ ಇರಬೇಕು ಎಂದೆ. ಬರಬರುತ್ತಾ ಆ ಗೊರಗೊರವೇ ಅವನ ಗುರುತಾಯಿತು. ಆಮೇಲೆ ಪ್ರತಿ ಆಯುಧಪೂಜೆಗೂ ನನ್ನ ಮನೆಗೆ ಬಂದು ಒಂದೇ ಒಂದು ಬಾಳೆಹಣ್ಣು ಕೊಟ್ಟು ಹೋಗುತ್ತಿದ್ದ. ಜಿಪುಣ, ಒಂದು ಚಿಪ್ಪಾದರೂ ತರಬಾರದೇ ಎಂದು ಬೈದುಕೊಂಡೇ ತಿನ್ನುತ್ತಿದ್ದೆ.

ಹೋದ ವರ್ಷ ಅವನು ತೀರಿಕೊಂಡ. ಈ ವರ್ಷ ಲಗ್ಗೆರೆಯಲ್ಲಿರುವ ಅವನ ಶಿಷ್ಯರು ಅವನ ನೆನಪಿಗೆ ಬಸವೇಶ್ವರನಗರದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಅದೇ ಆಂಪ್‌ನಲ್ಲಿ ನುಡಿಸುವ ಆಸೆಯಿಂದ ಆರ್‌ಪಿಸಿ ಲೇಔಟ್‌ನ ಅವನ ಮನೆಗೆ ಬಂದರು. ಅವನ ಹೆಂಡತಿ, ನಮ್ಮ ಅತ್ತಿಗೆ, ನನ್ನನ್ನೂ ಕರೆದಿದ್ದರು. ಹುಡುಗರಲ್ಲೊಬ್ಬ ಆಂಪ್‌ನ ಹಿಂಬದಿ ಬಿಚ್ಚಿ ನೋಡಿದ.

“ಅಂಕಲ್, ಸ್ಪೀಕರ್ ತೂತಾಗಿದೆ. ಹೊಸದು ಹಾಕಿಸ್ಬಿಡ್ತೀವಿ. ನಮ್ ಮಾಸ್ಟರ್ ಆಂಪು, ಹಿಂಗೇ ಬಿಡಕ್ಕಾಗತ್ತಾ?”

ಹಾಕಿಸಿದರೆ ಆ ಸದ್ದು ಹೋಯಿತು. ಬೇಡವೆಂದರೆ ಕಾರಣ ಹೇಳಬೇಕು. ಹೇಳಿದರೆ ಅವನ ಬೆರಳಿನ ಹೆಸರು ಹೋಯಿತು, ಅದೂ ಹೆಂಡತಿಯ ಎದುರಿಗೆ. ಅತ್ತ ದರಿ, ಇತ್ತ ಪುಲಿ. ಧೈರ್ಯಕ್ಕೆಂದು ಒಂದು ಲೋಟ ಕಾಫಿ ಕುಡಿದೆ. ಧೈರ್ಯ ಬರಲಿಲ್ಲ, ಇನ್ನೊಂದು ಲೋಟ ಕೇಳಿದೆ. ಹುಡುಗ ಸ್ಕ್ರೂಡ್ರೈವರ್ ಎತ್ತಿಕೊಂಡಾಗ ಎಲ್ಲವನ್ನೂ ಹೇಳಿಬಿಟ್ಟೆ, ತಿಂದ ಬಾಳೆಹಣ್ಣಿನ ಸಮೇತ.

ಅತ್ತಿಗೆ ನಕ್ಕರು. “ಅವ್ರಿಗೆ ಮಾರನೇ ದಿನಾನೇ ಗೊತ್ತಾಗಿತ್ತು. ಆಂಪ್ ಒಳಗೆ ಊದುಬತ್ತಿ ಕಡ್ಡಿ, ಕಿಟಕಿ ಮೇಲೆ ಬಾಳೆಹಣ್ಣಿನ ಸಿಪ್ಪೆ. ಹೊಸಾ ಸ್ಪೀಕರ್ ಹಾಕಿದ್ರೆ ನೀವು ನೊಂದ್ಕೊತೀರ ಅಂತ ಸುಮ್ನಿದ್ರು. ಆ ತೂತಲ್ಲಿ ಸ್ವರ ಹಿಡಿಯಕ್ಕೆ ಎರಡು ವರ್ಷ ಒದ್ದಾಡಿದ್ರಂತೆ.”

ಹುಡುಗ ನಂಬದೆ ಗಿಟಾರ್ ಜೋಡಿಸಿ ಮೀಟಿದ. ಕೆಟ್ಟ ಮಿಕ್ಸಿ ಕೂಗಿದಂತಾಯಿತು. ಇನ್ನೊಬ್ಬ ನುಡಿಸಿದ, ಅದೇ ಮಿಕ್ಸಿ. ಇಷ್ಟು ವರ್ಷ ಆ ಹುಲಿಯನ್ನು ನನ್ನದೆಂದು ಒಳಗೊಳಗೇ ಮೆರೆದಿದ್ದೆ. ನನ್ನ ಪಾಲು ಬರೀ ತೂತು.

ಹುಡುಗರು ಸ್ಪೀಕರ್ ಮುಟ್ಟದೆ ಹಿಂಬದಿ ಮುಚ್ಚಿದರು. ಈ ಆಯುಧಪೂಜೆಗೆ ಬಾಳೆಹಣ್ಣು ತರುವವರು ಯಾರೂ ಇರಲಿಲ್ಲ. ನಾನೇ ಒಂದನ್ನು ಕೊಂಡು ಅವನ ಮನೆಗೆ ಹೋದೆ, ಆಂಪ್ ಮುಂದೆ ಇಟ್ಟು ಅದಕ್ಕೆ ಊದುಬತ್ತಿ ಚುಚ್ಚಿದೆ. ಕಡ್ಡಿ ಪೂರ್ತಿ ಉರಿದು ಮುಗಿಯುವವರೆಗೆ ಅಲ್ಲೇ ಕೂತಿದ್ದೆ.