ಸ್ಕೂಟರಿನ ಹಿಂದಿನ ಸೀಟು

ಕತ್ರಿಗುಪ್ಪೆಯ ಆ ವಠಾರದಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಯಾರಾದ್ರೂ ಜಯದೇವಿಯ ಬಾಗಿಲು ತಟ್ಟಿದ್ರೆ ಬೈಗುಳ ಗ್ಯಾರಂಟಿ. ಆ ಹೊತ್ತಿಗೆ ಟೀವಿಯಲ್ಲಿ ನಿಜವಾಗಿ ನಡೆದ ಕೊಲೆಗಳ ಕ್ರೈಂ ಸೀರಿಯಲ್ಲು. ಸೀರೆಗೆ ಫಾಲ್ಸ್ ಹೊಲಿಯೋದು ಅವಳ ಹೊಟ್ಟೆಪಾಡು. ತೊಡೆ ಮೇಲೆ ಯಾರದೋ ಸೀರೆ, ಕೈಯಲ್ಲಿ ಸೂಜಿ, ಪಕ್ಕದಲ್ಲಿ ಎದುರುಮನೆ ಸೀತಮ್ಮ. ಕೊಲೆಗಾರ ಯಾರು ಅಂತ ಜಯದೇವಿ ಮೊದಲನೇ ಬ್ರೇಕ್‌ಗೆ ಮುಂಚೆನೇ ಹೇಳಿಬಿಡೋಳು. ಸತ್ತವಳು ಹೆಂಗಸಾದ್ರೆ ಇನ್ನೂ ಸುಲಭ. "ಬೆಂಕಿ ಇಲ್ದೆ ಹೊಗೆ ಆಡತ್ತಾ ಸೀತಮ್ಮನೋರೇ? ಇವಳೇ ನೆಟ್ಟಗಿರಲಿಲ್ಲ ಬಿಡಿ" ಅಂದು ಹಲ್ಲಲ್ಲಿ ದಾರ ಕಡಿಯೋಳು. ಎಲುಬಿಲ್ಲದ ನಾಲಿಗೆ, ಏನು ಬೇಕಾದ್ರೂ ಅನ್ನುತ್ತೆ.

ಇಂಥವಳ ಒಡಹುಟ್ಟಿದ ತಂಗಿ ವನಿತಾ ಹೋದ ವರ್ಷ ಹುಳಿಮಾವಿನ ತನ್ನ ಮನೆಯಲ್ಲೇ ಹೆಣವಾದಳು. ಗಂಡ ಸೀನು ತಲೆದಿಂಬು ಒತ್ತಿ ಸಾಯಿಸಿದ್ದ. ಮೂರೇ ತಿಂಗಳಿಗೆ ಬೇಲ್ ಮೇಲೆ ಹೊರಗೆ ಬಂದು, ಅದೇ ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡ್ತಿದ್ದ, ಪಾಪಿ. ವಠಾರದಲ್ಲಿ ಮಾತ್ರ ಜಯದೇವಿ "ತಂಗಿಗೆ ಜಾಂಡೀಸ್ ಆಗಿತ್ತು" ಅಂದುಬಿಟ್ಟಿದ್ದಳು. ಮನೆ ಮರ್ಯಾದೆ ನೋಡಿ!

ಸ್ಟೇಷನ್ನು, ಕೋರ್ಟು ಅಂತ ಅಲೆದು ಅಲೆದು ಚಪ್ಪಲಿ ಸವೆಯಿತು. ಆಗ ಅವಳಿಗೆ ನೆನಪಾದದ್ದು ತನ್ನ ಸೀರಿಯಲ್ಲು. ಪೊಲೀಸರಿಗಿಂತ, ಜಡ್ಜಿಗಿಂತ, ಕೋಟು ಹಾಕ್ಕೊಂಡು ಬೆರಳು ತೋರಿಸಿ ಮಾತಾಡೋ ಅದರ ಆಂಕರ್ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಅವನು ಒಂದು ಸಲ ಟೀವಿಯಲ್ಲಿ ಉಗಿದ್ರೆ ಸಾಕು, ಸೀನು ತಲೆ ಎತ್ತೋ ಹಾಗಿರಲ್ಲ, ತಂಗಿಯ ಹೆಸರಾದ್ರೂ ಉಳಿಯುತ್ತೆ ಅಂದ್ಕೊಂಡು ತಾನೇ ಚಾನೆಲ್‌ಗೆ ಫೋನ್ ಮಾಡಿದಳು.

ಚಾನೆಲ್‌ನಿಂದ ಒಬ್ರು ಮೇಡಂ ಬಂದ್ರು. ಜಯದೇವಿ ಕಾಫಿ ಕೊಟ್ಟು ಒಂದನ್ನೂ ಬಿಡದೆ ಹೇಳಿದಳು. ವನಿತಾ ಗಾರ್ಮೆಂಟ್ಸ್‌ಗೆ ಹೋಗುವಾಗ ತೆಳ್ಳಗೆ ಲಿಪ್‌ಸ್ಟಿಕ್ ಹಚ್ಕೋತಿದ್ದದ್ದು. ಬಸ್ಸು ತಪ್ಪಿದಾಗ ಸೂಪರ್‌ವೈಸರ್ ರವಿಕುಮಾರ್ ಎರಡೇ ಎರಡು ಸಲ ಸ್ಕೂಟರಲ್ಲಿ ರಸ್ತೆ ಮೂಲೆವರೆಗೂ ಬಿಟ್ಟದ್ದು. ಅಷ್ಟಕ್ಕೇ ಸೀನುಗೆ ಅನುಮಾನದ ಪಿಶಾಚಿ ಹಿಡಿದದ್ದು. "ಹೆಸರೆಲ್ಲ ಬದಲಾಯಿಸ್ತೀವಿ, ನೀವೇನೂ ಹೆದರ್ಬೇಡಿ" ಅಂತ ಧೈರ್ಯ ಹೇಳಿ ಮೇಡಂ ಹೊರಟ್ರು.

ಹೆಸರೇನೋ ಬದಲಾಯಿಸಿದ್ರು. ಆದ್ರೆ ಆ ಭಾನುವಾರ ಟೀವಿಯಲ್ಲಿ ಬಂದ ವನಿತಾಳಿಗೆ ತುಟಿ ತುಂಬ ರಾಚೋ ಕೆಂಪು. ಸ್ಕೂಟರಿನ ಹಿಂದಿನ ಸೀಟಲ್ಲಿ ಸೂಪರ್‌ವೈಸರನ ಸೊಂಟ ತಬ್ಬಿ ಕಿಲಕಿಲ ನಗ್ತಿದ್ದಳು, ಅದಕ್ಕೊಂದು ಹಾಡು. ಸಾಲದ್ದಕ್ಕೆ ಲಾಡ್ಜು! ಗಂಡನ ಪಾತ್ರದವನು ದೇವರ ಫೋಟೋ ಮುಂದೆ ಕೂತು ಗೊಳೋ ಅಂತ ಅಳ್ತಿದ್ದ. ಇವರ ಮನೆ ಹಾಳಾಗ! ಕೊನೆಗೆ ಆಂಕರ್ ಬೆರಳೆತ್ತಿ, "ಹೆಣ್ಣು ಒಂದು ಹೆಜ್ಜೆ ತಪ್ಪಿದರೆ ಇಡೀ ಸಂಸಾರವೇ ಸರ್ವನಾಶ" ಅಂದ.

ಜಯದೇವಿಯ ಸೂಜಿ ಯಾವಾಗಲೋ ನಿಂತಿತ್ತು. ಆ ಮೇಡಂ ಕೈಗೆ ಲಿಪ್‌ಸ್ಟಿಕ್ ಕೊಟ್ಟವಳು ತಾನೇ, ಸ್ಕೂಟರ್ ಕೊಟ್ಟವಳೂ ತಾನೇ. ಸೀನು ಜೀವ ತೆಗೆದಿದ್ದ. ಉಳಿದಿದ್ದ ಹೆಸರನ್ನು ತಾನು ಕೈಯಾರೆ ಎತ್ತಿ ಕೊಟ್ಟಿದ್ದಳು, ಅದೂ ಕಾಫಿ ಮಾಡಿ ಕುಡಿಸಿ.

"ಬೆಂಕಿ ಇಲ್ದೆ ಹೊಗೆ ಆಡತ್ತೇನೇ ಜಯಾ?" ಅಂದ್ರು ಸೀತಮ್ಮ. "ನೀನೇ ಹೇಳ್ತಿರ್ತೀಯಲ್ಲ. ಇವತ್ಯಾಕೆ ಬಾಯಿಗೆ ಬೀಗ?"

"ಅವಳು ನನ್ನ ತಂಗಿ" ಅಂದಳು ಜಯದೇವಿ. "ನಮ್ಮ ವನಿತಾ. ಜಾಂಡೀಸ್ ಅಂದಿದ್ದು ಸುಳ್ಳು. ಈಗ ಇವ್ರು ತೋರಿಸಿದ್ದೂ ಸುಳ್ಳು. ಗಂಡನೇ ಕೊಂದ ಸೀತಮ್ಮನೋರೇ. ಅವಳು ಬಂಗಾರದಂಥವಳು."

ಸೀತಮ್ಮ ಕೆಟ್ಟವರೇನಲ್ಲ. "ಅಯ್ಯೋ ನನ್ನ ಕಂದಾ!" ಅಂತ ತಬ್ಬಿಕೊಂಡು ಬೆನ್ನು ಸವರಿದ್ರು. ಅವರ ಕಣ್ಣಲ್ಲೂ ನೀರು ಬಂತು. ಎದ್ದು ಟೀವಿ ಆರಿಸಿ, ಒಳಗಿಂದ ನೀರು ತಂದು ಕುಡಿಸಿದ್ರು. ಆಮೇಲೆ ತಡೆಯೋಕಾಗದೆ, ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದ್ರು:

"ಆದ್ರೂ ಜಯಾ, ನಮ್ನಮ್ಮಲ್ಲೇ ಇರ್ಲಿ... ಆ ಸ್ಕೂಟರ್‌ನೋನಿಗೂ ಅವಳಿಗೂ ನಿಜವಾಗ್ಲೂ ಏನೂ ಇರ್ಲಿಲ್ವಾ?"