ಏಳುವಾಗ ಮಾತಾಡಿಸಬೇಡಿ

ನಿದ್ದೆಯಿಂದ ಏಳುತ್ತಿರುವವರನ್ನು ಮಾತಾಡಿಸಬಾರದು ಎಂಬ ವಿವೇಕ ನನಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದನ್ನು ಕಲಿಸಿದ ಗುರು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಕಲ್ಯಾಣದುರ್ಗದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ನಾಚಿಕೆಯಾಗಬೇಕಾದ ಮಾತೇ.

ಹಿಂದೂಪುರದಲ್ಲಿ ನನ್ನ ಅಕ್ಕ ಹುಣಸೇಹಣ್ಣಿನ ವ್ಯಾಪಾರ ಮಾಡುತ್ತಾಳೆ. ಭಾವ ಹೋದ ಮೇಲೆ ಅವಳೊಬ್ಬಳೇ. ಮದುವೆಯಾಗದ ನಾನು ಇಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಹಾಗಂತ ದಿನಾ ಮಾತಾಡುತ್ತೇವೆ ಅಂದುಕೊಳ್ಳಬೇಡಿ. ಕಾರಣವಿಲ್ಲದೆ ಫೋನ್ ಮಾಡುವ ಪದ್ಧತಿ ನಮ್ಮ ಮನೆತನದಲ್ಲೇ ಇಲ್ಲ. ಫೋನ್ ಬಂದರೆ ಯಾರೋ ಸತ್ತಿರಬೇಕು, ಇಲ್ಲವೇ ಮೋಟಾರು ಸುಟ್ಟಿರಬೇಕು.

ತೇವ ತಗುಲಿದರೆ ಹುಣಸೇಹಣ್ಣು ಕಪ್ಪಾಗುತ್ತದೆ. ಅದಕ್ಕೇ ಅಕ್ಕನ ಗೋದಾಮಿಗೆ ಒಂದು ಡಬ್ಬಿ ಮಾಡಿಕೊಟ್ಟೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಸೆನ್ಸರ್ ಹೇಳುತ್ತದೆ, ಬೋರ್ಡು ಫ್ಯಾನ್ ತಿರುಗಿಸುತ್ತದೆ. ಆದರೆ ಒಂದು ಸಲ ಕರೆಂಟ್ ಹೋಗಿ ಬಂದರೆ ಮುಗಿಯಿತು.

"ನಿನ್ ಡಬ್ಬಿ ಮಲಿಕ್ಕಂಬುಟ್ಟೈತೆ ಕಣಪ್ಪ. ಹಣ್ಣು ಕಪ್ಪಾಯ್ತಾ ಐತೆ, ಬಂದು ನೋಡು," ಎಂದು ಅಕ್ಕನ ಫೋನ್.

ಭಾನುವಾರದ ಬಸ್ಸು ಹತ್ತುತ್ತಿದ್ದೆ. ಡಬ್ಬಿ ಬಿಚ್ಚಿ ಬೋರ್ಡನ್ನು ಎಬ್ಬಿಸುತ್ತಿದ್ದೆ, ಮುದ್ದೆ ಬಸ್ಸಾರು ಉಣ್ಣುತ್ತಿದ್ದೆ, ಸಂಜೆಗೆ ಮರಳುತ್ತಿದ್ದೆ.

ತಪ್ಪು ನನ್ನದೇ. ಆ ಬೋರ್ಡು ಎಚ್ಚರವಾಗುವಾಗ, ತಂತಿ ಬೆಸೆಯುವ ತನ್ನ ಪಿನ್ನುಗಳಲ್ಲಿ ಒಂದಕ್ಕೆ ಕಿವಿಗೊಟ್ಟು ಎರಡು ಕ್ಷಣ ಕಾಯುತ್ತದೆ. ಯಾರೂ ಕರೆಯದಿದ್ದರೆ ತನ್ನ ಕೆಲಸಕ್ಕೆ ಹೋಗುತ್ತದೆ. ನಾನು ಸೆನ್ಸರಿನ ತಂತಿಯನ್ನು ಬೆಸೆದದ್ದು ಸರಿಯಾಗಿ ಅದೇ ಪಿನ್ನಿಗೆ! ಕರೆಂಟ್ ಬಂದೊಡನೆ ಸೆನ್ಸರ್ ವಟಗುಟ್ಟುತ್ತಿತ್ತು. ಯಾರೋ ಕರೆದರೆಂದು ಬೋರ್ಡು ಅಲ್ಲೇ ನಿಂತು, ಬಾರದ ಅಪ್ಪಣೆಗೆ ಕಾಯುತ್ತಿತ್ತು. ನಮ್ಮಮ್ಮ ಎಂಥ ಸುದ್ದಿಯಿದ್ದರೂ ನಾವು ಮುಖ ತೊಳೆದು ಕಾಫಿ ಕುಡಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಅವಳಿಗಿದ್ದ ಬುದ್ಧಿ ನನ್ನ ಡಿಗ್ರಿಗೆ ಇರಲಿಲ್ಲ.

ಈಗ ನಿಜ ಹೇಳಿಬಿಡುತ್ತೇನೆ. ಮೂರನೆಯ ಭೇಟಿಯಲ್ಲೇ ಈ ಗುಟ್ಟು ನನಗೆ ತಿಳಿದಿತ್ತು. ಸರಿ ಮಾಡಿದ್ದು ಆರನೆಯದರಲ್ಲಿ. ಅಂದು ಅಕ್ಕ ಕಪ್ಪಾದ ಒಂದು ಮೂಟೆಯನ್ನು ಪಕ್ಕಕ್ಕೆ ಎಳೆದಿಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ. ತಂತಿಯನ್ನು ಬೇರೆ ಪಿನ್ನಿಗೆ ಬದಲಿಸಿ, ಬೋರ್ಡು ಪೂರ್ತಿ ಎದ್ದ ಮೇಲೆಯೇ ಸೆನ್ಸರಿಗೆ ಕರೆಂಟ್ ಸಿಗುವಂತೆ ಮಾಡಿ ಬಂದೆ.

ಆಮೇಲೆ ಫೋನೇ ಇಲ್ಲ. ಏಳು ಭಾನುವಾರ ಕೋಣೆಯಲ್ಲಿ ಕೂತು ಸುಣ್ಣದ ಗೋಡೆ ನೋಡಿದೆ. ನಾನು ಮಾಡಿದ ಯಾವ ವಸ್ತುವೂ ಆ ಡಬ್ಬಿಯಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ಯಾವುದಾದರೂ ಕೆಡಲಿ ಎಂದು ನಾನು ಅಷ್ಟು ಹಂಬಲಿಸಿದ್ದೂ ಇಲ್ಲ. ನಾನೇ ಫೋನ್ ಮಾಡಬಹುದಿತ್ತು. ಏನೆಂದು ಮಾಡಲಿ?

ಎಂಟನೆಯ ವಾರ ಫೋನ್ ಬಂತು. "ನಿಂತೋಯ್ತಾ ಅಕ್ಕ?" ಎಂದೆ, ಆಸೆಯಿಂದ.

"ಇಲ್ಲ ಕಣಪ್ಪ, ಚೆಂದಾಗಿ ನಡೀತೈತೆ," ಎಂದಳು. "ಅದ್ಕೇ ಫೋನ್ ಮಾಡ್ದೆ. ಇನ್ಮ್ಯಾಲೆ ನಿನ್ನ ಏನಂತ ಕರೀಲಿ?"

"ಬತ್ತೀನಿ," ಎಂದೆ.

ಭಾನುವಾರ ಬಸ್ಸು ಹತ್ತಿದೆ. ಸುಮ್ಮನೆ ಹೋಗಿ ರೂಢಿಯಿಲ್ಲವಲ್ಲ, ಸ್ಕ್ರೂಡ್ರೈವರ್ ಮಾತ್ರ ಜೇಬಿನಲ್ಲಿತ್ತು.